ಮನೆಯಲ್ಲೇ ಕಲಿತ ಮಕ್ಕಳು ಕಾಲೇಜು ಸೇರಲು: ಹದಿಮೂರರಿಂದ ಹದಿನೆಂಟರವರೆಗಿನ ಸಮಗ್ರ ಮಾರ್ಗದರ್ಶಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ತಂದೆತಾಯಂದಿರಿಗೆ ನೆಂಟರು ಕೇಳುವ ಪ್ರಶ್ನೆ ಒಂದೇ: "ಮುಂದೆ ಕಾಲೇಜಿಗೆ ಏನು ಮಾಡುತ್ತೀರಿ?" ಈ ಪ್ರಶ್ನೆಗೆ ಎರಡು ತಪ್ಪು ಉತ್ತರಗಳು ಚಾಲ್ತಿಯಲ್ಲಿವೆ. ಮನೆಯಲ್ಲಿ ಓದಿದವರಿಗೆ ಕಾಲೇಜು ಸಿಗುವುದೇ ಇಲ್ಲ ಎನ್ನುವುದು ಒಂದು. ಬುದ್ಧಿವಂತಿಕೆ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಎನ್ನುವುದು ಇನ್ನೊಂದು. ನಿಜ ಸಂಗತಿ ಇಷ್ಟು: ಭಾರತದಲ್ಲಿ ಮನೆಯಲ್ಲಿ ಓದಿದ ಮಕ್ಕಳಿಗೆ ಎಂಜಿನಿಯರಿಂಗ್, ವೈದ್ಯಕೀಯ, ವಿಜ್ಞಾನ, ಕಲೆ, ಕಾನೂನು ಎಲ್ಲವೂ ತೆರೆದಿವೆ. ಆದರೆ ದಾಖಲಾತಿ ಕಚೇರಿಯ ಗುಮಾಸ್ತರು ಕೇಳುವುದು ಕಾಗದಗಳನ್ನು. ಯಾವ ಬೋರ್ಡು, ಯಾವ ವರ್ಷ, ವರ್ಗಾವಣೆ ಪತ್ರ ಎಲ್ಲಿ, ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ ಎಲ್ಲಿ? ಈ ಕಾಗದಗಳಲ್ಲಿ ಕೆಲವನ್ನು ಹದಿನೇಳನೇ ವಯಸ್ಸಿನಲ್ಲಿ ಹೊಸದಾಗಿ ಹುಟ್ಟಿಸಲು ಆಗುವುದಿಲ್ಲ. ಆದ್ದರಿಂದ ಕಲಿಕೆಯನ್ನು ಎಷ್ಟು ಬೇಕಾದರೂ ಸ್ವತಂತ್ರವಾಗಿ ಬಿಡಿ, ಕಾಗದದ ಕೆಲಸವನ್ನು ಮಾತ್ರ ಹದಿಮೂರಕ್ಕೇ ಶುರು ಮಾಡಿ.

ಹಂತ 1: ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಹದಿಮೂರರ ಮಗ ಅಥವಾ ಮಗಳಿಗೆ ಮುಂದೇನಾಗಬೇಕು ಎಂಬ ಖಚಿತ ಉತ್ತರ ಇರಬೇಕಿಲ್ಲ, ಇರುವುದೂ ಅಪರೂಪ. ಆದರೂ ಮೂರ್ನಾಲ್ಕು ಸಾಧ್ಯತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಏನೇನು ಬೇಕು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಎಂಜಿನಿಯರಿಂಗ್‌ಗೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆ ಇಂಗ್ಲಿಷ್ ಬೇಕು, ಮತ್ತು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ತುಂಬಿರಬೇಕು. ಅರ್ಥಶಾಸ್ತ್ರದ ಪದವಿಗೆ ಹಲವು ವಿಶ್ವವಿದ್ಯಾಲಯಗಳು ಗಣಿತ ಕೇಳುತ್ತವೆ. ಇದನ್ನು ತಿಳಿಯದೆ ಹನ್ನೆರಡಕ್ಕೆ ಸುಲಭವೆನಿಸಿದ ವಿಷಯಗಳನ್ನು ಆರಿಸಿಕೊಂಡರೆ, ಆಮೇಲೆ ಒಂದು ವಿಷಯಕ್ಕಾಗಿ ಒಂದು ವರ್ಷ ಕಾಯಬೇಕಾಗುತ್ತದೆ.

ಅನುಮಾನವಿದ್ದರೆ ಗಣಿತವನ್ನು ಉಳಿಸಿಕೊಳ್ಳಿ. ಗಣಿತ ಓದಿದವರು ಕಲಾ ವಿಭಾಗಕ್ಕೆ ಹೋಗಬಹುದು, ಗಣಿತ ಬಿಟ್ಟವರು ಆ ಕಡೆಗೆ ಮರಳುವುದು ಕಷ್ಟ.

ಹಂತ 2: ಬೋರ್ಡನ್ನು ಆರಿಸಿ

ಮನೆಯಲ್ಲಿ ತಂದೆತಾಯಿಯೇ ತಯಾರಿಸಿದ ಅಂಕಪಟ್ಟಿಗೆ ಭಾರತದ ಕಾಲೇಜುಗಳಲ್ಲಿ ಬೆಲೆ ಇಲ್ಲ. ಮಾನ್ಯತೆ ಇರುವ ಬೋರ್ಡಿನ ಹತ್ತು ಮತ್ತು ಹನ್ನೆರಡನೇ ತರಗತಿಯ ಪ್ರಮಾಣಪತ್ರ ಬೇಕೇ ಬೇಕು. ದಾರಿಗಳು ಮುಖ್ಯವಾಗಿ ನಾಲ್ಕು.

ಹೆಚ್ಚಿನ ಕುಟುಂಬಗಳು ಆರಿಸಿಕೊಳ್ಳುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. ಇದು 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಬೋರ್ಡು. ಇದರ ಪ್ರಮಾಣಪತ್ರ ಸಿಬಿಎಸ್‌ಇ ಪ್ರಮಾಣಪತ್ರಕ್ಕೆ ಸಮ. ಎರಡನೆಯದು ಕೇಂಬ್ರಿಜ್ ಪರೀಕ್ಷೆಗಳು. ಹತ್ತನೇ ತರಗತಿಯ ಮಟ್ಟದ ಐಜಿಸಿಎಸ್‌ಇ ಮತ್ತು ಹನ್ನೆರಡರ ಮಟ್ಟದ ಎ ಲೆವೆಲ್‌ಗಳನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಪಠ್ಯ ಆಳವಾಗಿದೆ, ವಿದೇಶದಲ್ಲಿ ಓದಲು ಅನುಕೂಲ, ಆದರೆ ಖರ್ಚು ಹಲವು ಪಟ್ಟು ಹೆಚ್ಚು. ಭಾರತದ ಕಾಲೇಜುಗಳಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ತತ್ಸಮಾನ ಪ್ರಮಾಣಪತ್ರವನ್ನೂ ತರಬೇಕಾಗುತ್ತದೆ. ಮೂರನೆಯದು ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ನಾಲ್ಕನೆಯದು ಹತ್ತನ್ನು ಮನೆಯಿಂದ ಮುಗಿಸಿ, ಪಿಯುಸಿಗೆ ಸಾಮಾನ್ಯ ಕಾಲೇಜು ಸೇರುವುದು. ಈ ನಾಲ್ಕನೆಯ ದಾರಿಯನ್ನು ಮನೆಶಿಕ್ಷಣದ ಕುಟುಂಬಗಳು ಸೋಲೆಂದು ನೋಡುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಪ್ರಯೋಗಾಲಯ, ಓರಗೆಯವರ ಜೊತೆ, ಮುಂದೆ ಹೇಳುವ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಅರ್ಹತೆ ಈ ಮೂರಕ್ಕೂ ಅದು ಒಳ್ಳೆಯ ಉತ್ತರ.

ಹಂತ 3: ಎನ್‌ಐಒಎಸ್‌ನ ಒಳಸೂಕ್ಷ್ಮಗಳು

ಹತ್ತನೇ ತರಗತಿಗೆ ನೋಂದಾಯಿಸಲು ಹದಿನಾಲ್ಕು, ಹನ್ನೆರಡಕ್ಕೆ ಹದಿನೈದು ವರ್ಷ ತುಂಬಿರಬೇಕು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ: ಏಪ್ರಿಲ್–ಮೇ ಒಂದು, ಅಕ್ಟೋಬರ್–ನವೆಂಬರ್ ಇನ್ನೊಂದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ, ಆ ಅವಧಿಯಲ್ಲಿ ಒಂಬತ್ತು ಅವಕಾಶಗಳು. ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಅವುಗಳಲ್ಲಿ ಕನಿಷ್ಠ ಒಂದು ಭಾಷೆ ಇರಬೇಕು, ತೇರ್ಗಡೆಗೆ 33 ಅಂಕ ಸಾಕು. ಹೆಚ್ಚುವರಿಯಾಗಿ ಎರಡು ವಿಷಯಗಳನ್ನು ತೆಗೆದುಕೊಳ್ಳಬಹುದು.

ಅಭ್ಯಾಸಪತ್ರಿಕೆಗಳನ್ನು ಹಗುರವಾಗಿ ಕಾಣಬೇಡಿ. ಟಿಎಂಎ ಎಂದು ಕರೆಯುವ ಇವುಗಳಿಗೆ ಶೇ. 20ರಷ್ಟು ತೂಕವಿದೆ, ಮನೆಯಲ್ಲಿ ಕುಳಿತು ಬರೆದು ಸಲ್ಲಿಸುವಂಥವು, ದಿನಾಂಕ ತಪ್ಪಿದರೆ ಆ ಅಂಕ ಕೈಬಿಟ್ಟು ಹೋಗುತ್ತದೆ. ಎನ್‌ಐಟಿ ಎಂಬ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಿಗೆ ಹನ್ನೆರಡರಲ್ಲಿ ಶೇ. 75 ಬೇಕೆನ್ನುವಾಗ ಈ ಅಂಕಗಳೇ ಕೈಹಿಡಿಯುತ್ತವೆ.

ನೋಂದಣಿ ಶುಲ್ಕ ಬೇರೆ, ಪರೀಕ್ಷಾ ಶುಲ್ಕ ಬೇರೆ. ನೋಂದಾಯಿಸಿದ ಮೇಲೆ ಪರೀಕ್ಷೆಗೂ ಪ್ರತ್ಯೇಕವಾಗಿ ಅರ್ಜಿ ಹಾಕಿ ಹಣ ಕಟ್ಟಬೇಕು. ಶಾಲೆ ಇರುವವರಿಗೆ ಈ ನೆನಪನ್ನು ಶಾಲೆಯೇ ಮಾಡಿಕೊಡುತ್ತದೆ. ಇಲ್ಲಿ ಆ ಕೆಲಸ ನಿಮ್ಮದು, ಇನ್ನೂ ಒಳ್ಳೆಯದೆಂದರೆ ನಿಮ್ಮ ಮಗಳದು.

ವಿಜ್ಞಾನ ತೆಗೆದುಕೊಳ್ಳುವವರು ಅಧ್ಯಯನ ಕೇಂದ್ರವನ್ನು (ಎನ್‌ಐಒಎಸ್‌ನ ಸ್ಥಳೀಯ ಕೇಂದ್ರ) ಮನೆಯಿಂದ ಎಷ್ಟು ದೂರ ಎಂದು ನೋಡಿ ಆರಿಸಬಾರದು, ಪ್ರಯೋಗಾಲಯ ನೋಡಿ ಆರಿಸಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು. ಕೇಂದ್ರಕ್ಕೆ ಹೋಗಿ, ಲ್ಯಾಬ್ ತೆರೆಸಿ ನೋಡಿ, ಮಕ್ಕಳು ಬ್ಯುರೆಟ್ ಹಿಡಿಯಲು ಅವಕಾಶ ಉಂಟೇ ಎಂದು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಬೇರೆ ಕೇಂದ್ರ ಹುಡುಕಿ.

ವಿಷಯಗಳನ್ನು ಬಿಡಿಬಿಡಿಯಾಗಿ, ಅಕ್ಟೋಬರ್‌ನಲ್ಲಿ ಎರಡು, ಏಪ್ರಿಲ್‌ನಲ್ಲಿ ಮೂರು ಎಂದು ಬರೆಯುವ ಸೌಲಭ್ಯ ಇಲ್ಲಿನ ದೊಡ್ಡ ವರ. ಹತ್ತನೇ ತರಗತಿಗೆ ಧಾರಾಳವಾಗಿ ಬಳಸಿಕೊಳ್ಳಿ. ಹನ್ನೆರಡರಲ್ಲಿ ಮಾತ್ರ ಎಚ್ಚರ. ಐಐಟಿಗಳ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯನ್ನು ಸತತ ಎರಡು ವರ್ಷಗಳಲ್ಲಿ ಎರಡು ಬಾರಿ ಮಾತ್ರ ಬರೆಯಬಹುದು, ಆ ಲೆಕ್ಕ ಹನ್ನೆರಡನೇ ತರಗತಿಯ ಪರೀಕ್ಷೆಗೆ ಮೊದಲು ಕುಳಿತ ವರ್ಷಕ್ಕೆ ಅಂಟಿಕೊಂಡಿದೆ. ಐಐಟಿಯ ಆಸೆ ಇದ್ದವರು ಹನ್ನೆರಡರ ಎಲ್ಲ ವಿಷಯಗಳನ್ನೂ ಒಂದೇ ಏಪ್ರಿಲ್‌ನಲ್ಲಿ ಬರೆಯುವುದು ಕ್ಷೇಮ. ಜೊತೆಗೆ ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎರಡು ವರ್ಷಗಳ ಅಂತರ ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹತ್ತನೇ ತರಗತಿಯ ವರ್ಷವನ್ನು ನಿರ್ಧರಿಸಿ.

ಹಂತ 4: ಕರ್ನಾಟಕದ ಸಿಇಟಿ ಮತ್ತು ಏಳು ವರ್ಷದ ನಿಯಮ

ಈ ಭಾಗವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮನೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಬರುವುದು ಇಲ್ಲೇ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಸಾಮಾನ್ಯ ಅರ್ಹತೆ ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು, ಮತ್ತು ಹತ್ತು ಅಥವಾ ಹನ್ನೆರಡನೇ ತರಗತಿಯನ್ನು ರಾಜ್ಯದೊಳಗೆ ತೇರ್ಗಡೆಯಾಗಿರಬೇಕು. ಇದಕ್ಕೆ ಪುರಾವೆ ಶಾಲೆಯ ಮುಖ್ಯೋಪಾಧ್ಯಾಯರು ಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಯವರು ಮೇಲುರುಜು ಮಾಡಿದ ವ್ಯಾಸಂಗ ಪ್ರಮಾಣಪತ್ರ. ಹುಟ್ಟಿ ಬೆಳೆದದ್ದೆಲ್ಲ ಧಾರವಾಡದಲ್ಲೇ ಆದರೂ, ಶಾಲೆಯ ದಾಖಲೆ ಇಲ್ಲದಿದ್ದರೆ ಆ ಏಳು ವರ್ಷ ಕಾಗದದ ಮೇಲೆ ಇಲ್ಲ.

ಏನು ಮಾಡಬಹುದು? ಏಳನೇ ತರಗತಿಯವರೆಗೆ ಶಾಲೆಯಲ್ಲಿ ಓದಿ ಆಮೇಲೆ ಮನೆಗೆ ಬಂದ ಮಕ್ಕಳಿಗೆ ಏಳು ವರ್ಷ ಆಗಲೇ ಸಿಕ್ಕಿದೆ. ಹಳೆಯ ಶಾಲೆಗೆ ಇವತ್ತೇ ಹೋಗಿ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಶಾಲೆಗಳು ಮುಚ್ಚುತ್ತವೆ, ದಾಖಲೆ ಪುಸ್ತಕಗಳು ಕಾಣೆಯಾಗುತ್ತವೆ. ಐದು ವರ್ಷ ಮಾತ್ರ ಶಾಲೆಯಲ್ಲಿ ಓದಿದವರು ರಾಜ್ಯದ ಪಿಯು ಕಾಲೇಜಿನ ಎರಡು ವರ್ಷ ಸೇರಿಸಿ ಏಳನ್ನು ತುಂಬಿಸಬಹುದು. ಶಾಲೆಯ ಮುಖವನ್ನೇ ನೋಡದವರಿಗೂ ಒಂದು ಕಲಂ ಇದೆ: ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ಕರ್ನಾಟಕದ ಮಾನ್ಯ ಸಂಸ್ಥೆಯಲ್ಲಿ ಓದಿ ತೇರ್ಗಡೆಯಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ಆಗ ಬೇಕಾಗುವುದು ನಿಮ್ಮ ಹಳೆಯ ಶಾಲಾ ದಾಖಲೆಗಳು. ನೀವು ಓದಿದ ಊರಿಗೆ ಒಮ್ಮೆ ಹೋಗಿ ಬನ್ನಿ.

ನಿಮ್ಮ ಪರಿಸ್ಥಿತಿ ಇವುಗಳಲ್ಲಿ ಯಾವುದಕ್ಕೂ ಸರಿಹೊಂದದಿದ್ದರೆ ಹತ್ತನೇ ತರಗತಿಯ ವರ್ಷದಲ್ಲೇ ಪ್ರಾಧಿಕಾರಕ್ಕೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ದೂರವಾಣಿಯಲ್ಲಿ ಸಿಕ್ಕ ಭರವಸೆ ದಾಖಲೆ ಪರಿಶೀಲನೆಯ ದಿನ ಕೆಲಸಕ್ಕೆ ಬರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗಳಿಗೂ ಒಂದರಿಂದ ಹತ್ತರವರೆಗಿನ ಶಾಲಾ ದಾಖಲೆಯೇ ಆಧಾರ, ಆದ್ದರಿಂದ ಮನೆಯಲ್ಲಿ ಕನ್ನಡದಲ್ಲೇ ಕಲಿತ ಮಕ್ಕಳೂ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ, ಆದರೆ ನಿಯಮ ಇರುವುದು ಹಾಗೆ.

ಸಿಇಟಿ ಆಗದಿದ್ದರೂ ದಾರಿ ಮುಚ್ಚುವುದಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಗೆ ದೇಶದ ಯಾವ ಭಾಗದವರೂ ಕೂರಬಹುದು, ಶುಲ್ಕ ಹೆಚ್ಚು ಅಷ್ಟೇ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ, ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ಅಖಿಲ ಭಾರತ ಕೋಟಾ, ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಇವುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಹಂತ 5: ಕಡತ ಕಟ್ಟಿ

ಮೊದಲ ಕೆಲಸ ಹೆಸರು. ಜನನ ಪ್ರಮಾಣಪತ್ರ, ಆಧಾರ್, ಹತ್ತನೇ ತರಗತಿಯ ನೋಂದಣಿ, ಬ್ಯಾಂಕ್ ಖಾತೆ ಈ ನಾಲ್ಕರಲ್ಲೂ ಹೆಸರು, ಇನಿಷಿಯಲ್ ಮತ್ತು ಜನ್ಮದಿನಾಂಕ ಅಕ್ಷರ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ಣ ಹೆಸರು ಎಂದಿದ್ದರೆ ವಿದ್ಯಾರ್ಥಿವೇತನದ ಹಣ ಖಾತೆಗೆ ಬಾರದೆ ನಿಲ್ಲುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿ ಜೀವನಪರ್ಯಂತ ವಯಸ್ಸಿನ ದಾಖಲೆಯಾಗಿ ನಿಲ್ಲುವುದರಿಂದ ಅದಕ್ಕೆ ಮೊದಲೇ ಎಲ್ಲವನ್ನೂ ಸರಿಪಡಿಸಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ ಈ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೇ ರಾಜ್ಯದ ಎಲ್ಲ ಅರ್ಜಿಗಳೂ ಕೇಳುತ್ತವೆ. ಕರ್ನಾಟಕದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪಟ್ಟಿ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ಐಐಟಿ ಅಥವಾ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂದು ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರವೇ ಆಗಬೇಕು. ಜೂನ್ ತಿಂಗಳಲ್ಲಿ ಎಲ್ಲರೂ ಸಾಲು ನಿಲ್ಲುತ್ತಾರೆ, ನೀವು ಏಪ್ರಿಲ್‌ನಲ್ಲೇ ಮಾಡಿಸಿ.

ವರ್ಗಾವಣೆ ಪತ್ರ ಎಲ್ಲಿಂದ ತರುವುದು ಎಂಬ ಚಿಂತೆ ಹಲವರಿಗಿದೆ. ಎನ್‌ಐಒಎಸ್ ಅಂಕಪಟ್ಟಿಯ ಜೊತೆಗೇ ವಲಸೆ ಮತ್ತು ವರ್ಗಾವಣೆ ಪ್ರಮಾಣಪತ್ರವನ್ನು ಒಂದೇ ಹಾಳೆಯಲ್ಲಿ ಕೊಡುತ್ತದೆ. ಗುಮಾಸ್ತರು ಟಿಸಿ ಎಂದು ಕೇಳಿದಾಗ ಅದನ್ನೇ ತೋರಿಸಿ.

ಮೂರನೆಯದು ಕಲಿಕೆಯ ದಾಖಲೆ. ಓದಿದ ಪುಸ್ತಕಗಳ ಪಟ್ಟಿ, ಮಾಡಿದ ಪ್ರಯೋಗ, ಬರೆದ ಪ್ರಬಂಧ, ಕಲಿತ ವಾದ್ಯ, ಹೊಲದಲ್ಲೋ ಗ್ರಂಥಾಲಯದಲ್ಲೋ ಮಾಡಿದ ಕೆಲಸ ಎಲ್ಲವನ್ನೂ ದಿನಾಂಕದೊಂದಿಗೆ ಬರೆದಿಡಿ. ಸಿಇಟಿಗೆ ಇದರಿಂದ ಒಂದು ಅಂಕವೂ ಬಾರದು. ಆದರೆ ಸಂದರ್ಶನ ಮಾಡುವ ಕಾಲೇಜುಗಳಿಗೆ, ವಿನ್ಯಾಸ ಶಾಲೆಗಳಿಗೆ, ಖಾಸಗಿ ವಿದ್ಯಾರ್ಥಿವೇತನಗಳಿಗೆ, ವಿದೇಶದ ಅರ್ಜಿಗೆ ಇದೇ ಜೀವಾಳ. ಮನೆಯಲ್ಲಿ ಓದಿದವರ ಬಲ ಇರುವುದೂ ಇಲ್ಲೇ: ಹದಿನಾರರಲ್ಲಿ ಎರಡು ವರ್ಷ ಒಂದೇ ವಿಷಯದ ಬೆನ್ನು ಹತ್ತಲು ಶಾಲೆಯ ಮಕ್ಕಳಿಗೆ ಪುರುಸೊತ್ತು ಎಲ್ಲಿದೆ?

ಹಂತ 6: ಪ್ರವೇಶ ಪರೀಕ್ಷೆಗಳು

ಜೆಇಇ ಮೇನ್ ಬರೆಯಲು ಎನ್‌ಐಒಎಸ್‌ನ ಹನ್ನೆರಡನೇ ತರಗತಿ ಐದು ವಿಷಯಗಳೊಂದಿಗೆ ಮಾನ್ಯ. ಎನ್‌ಐಟಿ ಪ್ರವೇಶಕ್ಕೆ ಶೇ. 75 ಅಥವಾ ತಮ್ಮ ಬೋರ್ಡಿನ ಮೊದಲ ಶೇ. 20ರೊಳಗೆ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 65. ಮುಕ್ತ ಶಾಲೆಯವರಿಗೆ ನೀಟ್ ಬಹಳ ಕಾಲ ವಿವಾದದಲ್ಲಿತ್ತು, 2018ರ ದೆಹಲಿ ಹೈಕೋರ್ಟ್ ತೀರ್ಪು ಮತ್ತು ಆಮೇಲಿನ ಬದಲಾವಣೆಗಳಿಂದ ಈಗ ಅವರೂ ಅರ್ಹರು. ರಾಜ್ಯದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪರೀಕ್ಷೆಯ ಅಂಕ ಅರ್ಧ, ಹನ್ನೆರಡನೇ ತರಗತಿಯ ಅಂಕ ಅರ್ಧ ಸೇರುತ್ತದೆ, ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಪ್ರವೇಶ ಪರೀಕ್ಷೆಗಷ್ಟೇ ಓದುವುದು ನಷ್ಟದ ದಾರಿ.

2022ರಲ್ಲಿ ಬಂದ ಸಿಯುಇಟಿ ಮನೆಯಲ್ಲಿ ಓದಿದವರಿಗೆ ಅನುಕೂಲವಾದ ಬದಲಾವಣೆ. ಅದಕ್ಕೆ ಮೊದಲು ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಬೋರ್ಡ್ ಅಂಕಗಳ ಕಟಾಫ್ ಏರುತ್ತಲೇ ಇತ್ತು, ಈಗ ಎಲ್ಲ ಬೋರ್ಡಿನವರಿಗೂ ಒಂದೇ ಪರೀಕ್ಷೆ. ಕನ್ನಡದಲ್ಲೂ ಬರೆಯಬಹುದು. ಹನ್ನೆರಡರಲ್ಲಿ ಓದಿದ ವಿಷಯಗಳನ್ನೇ ಪರೀಕ್ಷೆಗೂ ಆರಿಸಿಕೊಳ್ಳಿ.

ಗಣಿತದಲ್ಲಿ ಮುಳುಗಿದ ಮಕ್ಕಳಿಗೆ ಚೆನ್ನೈ ಗಣಿತ ಸಂಸ್ಥೆ ಮತ್ತು ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ವಂತ ಪ್ರವೇಶ ಪರೀಕ್ಷೆಗಳನ್ನು ತೋರಿಸಿ. ಉರು ಹೊಡೆದವರಿಗಿಂತ ಯೋಚಿಸುವವರಿಗೆ ಅಲ್ಲಿ ಬೆಲೆ.

ಮೂರು ಗಂಟೆ ಒಂದೇ ಕಡೆ ಕುಳಿತು, ಗಡಿಯಾರ ನೋಡುತ್ತಾ, ಅಪರಿಚಿತರ ನಡುವೆ ಬರೆಯುವ ರೂಢಿ ನಮ್ಮ ಮಕ್ಕಳಿಗೆ ಇರುವುದಿಲ್ಲ. ಹತ್ತನೇ ತರಗತಿಯ ಪರೀಕ್ಷೆಯನ್ನು ಇದಕ್ಕೆ ತಾಲೀಮಾಗಿ ಬಳಸಿ. ಅಣಕು ಪರೀಕ್ಷೆಗಳನ್ನು ಮನೆಯ ಮೇಜಿನ ಮೇಲೆ ಬರೆಸಬೇಡಿ, ಸಾರ್ವಜನಿಕ ಗ್ರಂಥಾಲಯಕ್ಕೋ ಪರೀಕ್ಷಾ ಕೇಂದ್ರಕ್ಕೋ ಕಳಿಸಿ.

ಹಂತ 7: ವಿದ್ಯಾರ್ಥಿವೇತನ

ಎಲ್ಲ ವಿದ್ಯಾರ್ಥಿವೇತನಗಳೂ ನಮಗಲ್ಲ ಎಂಬುದನ್ನು ಮೊದಲೇ ತಿಳಿದರೆ ಸಮಯ ಉಳಿಯುತ್ತದೆ. ಎಂಟನೇ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆ ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ. ಇಂಥ ಷರತ್ತುಗಳನ್ನು ಅರ್ಜಿಯ ಮೊದಲ ಪುಟದಲ್ಲೇ ಹುಡುಕಿ.

ಕೆಲವದರಲ್ಲಿ ಹೇಗೆ ಓದಿದಿರಿ ಎಂಬ ಪ್ರಶ್ನೆಯೇ ಇಲ್ಲ, ನಮ್ಮ ಮಕ್ಕಳು ಮೊದಲು ನೋಡಬೇಕಾದವು ಅವು. ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ಯೋಜನೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ, ಕುಟುಂಬದ ಆದಾಯ 8 ಲಕ್ಷ ಮೀರಬಾರದು. ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ಅಷ್ಟೇ ಮೊತ್ತದ ಸಕ್ಷಮ್ ಯೋಜನೆ ಇದೆ. ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವರ್ಷಕ್ಕೆ 80,000 ರೂಪಾಯಿವರೆಗಿನ ನೆರವು. ಬೋರ್ಡಿನ ಮೊದಲ ಶೇ. 1ರಲ್ಲಿ ಇರುವವರಿಗೆ, ಅಥವಾ ಜೆಇಇ, ನೀಟ್‌ಗಳಲ್ಲಿ ಮೊದಲ 10,000 ರ‍್ಯಾಂಕಿನೊಳಗೆ ಬಂದು ವಿಜ್ಞಾನವನ್ನೇ ಆರಿಸಿದವರಿಗೆ ಇದು ಸಿಗುತ್ತದೆ. ಕೇಂದ್ರ ವಲಯದ ಕಾಲೇಜು ವಿದ್ಯಾರ್ಥಿವೇತನ ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಹನ್ನೆರಡರಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗಿದ್ದು, ಆದಾಯ 4.5 ಲಕ್ಷದೊಳಗಿರಬೇಕು. ಇದನ್ನು ನೆಚ್ಚುವ ಮೊದಲು ಆ ವರ್ಷದ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರಿದೆಯೇ ನೋಡಿ. ರಿಲಯನ್ಸ್ ಫೌಂಡೇಶನ್‌ನ ಪದವಿ ವಿದ್ಯಾರ್ಥಿವೇತನ ಇಡೀ ಕೋರ್ಸಿಗೆ ಒಟ್ಟು 2 ಲಕ್ಷದವರೆಗೆ, ಅದಕ್ಕೊಂದು ಸಾಮರ್ಥ್ಯ ಪರೀಕ್ಷೆ ಇದೆ.

ಶುಲ್ಕ ವಿನಾಯಿತಿಯನ್ನು ಜನ ವಿದ್ಯಾರ್ಥಿವೇತನವೆಂದು ಎಣಿಸುವುದೇ ಇಲ್ಲ, ಆದರೆ ಹಲವು ಸಲ ದೊಡ್ಡ ಮೊತ್ತ ಅಲ್ಲೇ ಇದೆ. ಐಐಟಿಗಳಲ್ಲಿ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 5 ಲಕ್ಷದವರೆಗೆ ಮೂರನೇ ಎರಡು ಭಾಗ ಮಾಫಿ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯೂ ಎಂಬ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ, ಆದಾಯ ಮಿತಿ 8 ಲಕ್ಷ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕುಟುಂಬದ ಆದಾಯ ನೋಡಿ ನೆರವು ಕೊಡುತ್ತದೆ. ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನವೂ ಇರುವುದರಿಂದ ಮನೆಯಲ್ಲಿ ಓದಿದವರಿಗೆ ತಮ್ಮ ಕಥೆ ಹೇಳಿಕೊಳ್ಳಲು ಅಲ್ಲಿ ಅವಕಾಶವಿದೆ.

ಕೇಂದ್ರದ ಅರ್ಜಿಗಳು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ರಾಜ್ಯದವು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಹತ್ತು ತಿಂಗಳು ಸಿಗುವ ವಿದ್ಯಾಸಿರಿ ಎಂಬ ನೆರವೂ ಎಸ್‌ಎಸ್‌ಪಿಯಲ್ಲೇ. ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಎರಡು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 8: ವಿದೇಶದ ಯೋಚನೆ ಇದ್ದವರಿಗೆ

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಮನೆಯಲ್ಲಿ ಓದಿದವರ ಅರ್ಜಿ ಹೊಸದಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ಕಲಿಕೆಯ ಪಟ್ಟಿಯನ್ನು ತಂದೆತಾಯಿಯೇ ಬರೆದು ಸಹಿ ಮಾಡಬಹುದು, ಮಾರ್ಗದರ್ಶಕರ ಪತ್ರವನ್ನೂ ಬರೆಯಬಹುದು. ಶಿಫಾರಸು ಪತ್ರಗಳು ಮಾತ್ರ ಹೊರಗಿನ ಗುರುಗಳಿಂದ ಬರಬೇಕು, ಆದ್ದರಿಂದ ಹದಿನೈದಕ್ಕೇ ಅಂಥ ಒಬ್ಬಿಬ್ಬರ ಬಳಿ ಕಲಿಕೆ ಶುರುವಾಗಲಿ. ಅಂಕವನ್ನು ಹೊರಗಿನವರು ನಂಬುವಂತೆ ತೋರಿಸಲು 1600 ಅಂಕಗಳ ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಉಪಯುಕ್ತ, ಎಂಐಟಿಯಂಥ ಕಡೆ ಕಡ್ಡಾಯ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮುಂತಾದ ಕೆಲವೇ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಯ ಹಣಕಾಸನ್ನು ನೋಡದೆ ಆಯ್ಕೆ ಮಾಡಿ, ಬೇಕಾದ ನೆರವನ್ನು ಪೂರ್ತಿ ಕೊಡುತ್ತವೆ. ಅಲ್ಲಿ ಸೀಟು ಸಿಗುವುದು ತೀರಾ ಕಷ್ಟ. ಹಾಗಾಗಿ ವಿದೇಶದ ಅರ್ಜಿ ಹಾಕಿದರೂ ಎನ್‌ಐಒಎಸ್ ಪರೀಕ್ಷೆ ಬರೆಸಿಯೇ ಇರಿ.

ಹಂತ 9: ಅರ್ಜಿಯನ್ನು ಯಾರು ತುಂಬಬೇಕು

ಹದಿನಾರು ದಾಟಿದ ಮೇಲೆ ಅರ್ಜಿಗಳನ್ನು ಮಗ ಅಥವಾ ಮಗಳೇ ತುಂಬಲಿ. ನೀವು ಪಕ್ಕದಲ್ಲಿ ಕುಳಿತು ಪರಿಶೀಲಿಸಿ. ಪಾಸ್‌ವರ್ಡ್, ನೋಂದಣಿ ಸಂಖ್ಯೆ, ಕೊನೆಯ ದಿನಾಂಕಗಳ ನೋಟ್‌ಪುಸ್ತಕ ಅವರ ಬಳಿಯೇ ಇರಲಿ. ಕೊನೆಯ ದಿನ ಸರ್ವರ್ ನಿಧಾನವಾಗುತ್ತದೆ, ಅದಕ್ಕೆ ನಿಮ್ಮ ಮನೆಯ ಕೊನೆಯ ದಿನಾಂಕವನ್ನು ಒಂದು ವಾರ ಮುಂಚೆಯೇ ಇಟ್ಟುಕೊಳ್ಳಿ. ದಾಖಲಾತಿಯ ದಿನ ಮೂಲಪ್ರತಿಗಳನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಒಪ್ಪಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ವ್ಯಾಸಂಗ ಪ್ರಮಾಣಪತ್ರ ಸಿಗುವುದಿಲ್ಲ.

ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ಅವರು ಯಾರು, ಯಾವ ಕೊಠಡಿಯಲ್ಲಿ ಕೂರುತ್ತಾರೆ ಎಂಬುದನ್ನು ಮೊದಲ ವಾರವೇ ತಿಳಿದುಕೊಳ್ಳಲು ಹೇಳಿ. ಬಹುಪಾಲು ನೆರವುಗಳನ್ನು ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಹಿಂದಿನ ವರ್ಷದ ತೇರ್ಗಡೆ ಮತ್ತು ಹಾಜರಾತಿ ಬೇಕು. ಹಾಜರಾತಿ ಎಂಬ ಪದ್ಧತಿಯೇ ನಮ್ಮ ಮಕ್ಕಳಿಗೆ ಹೊಸದು, ಶೇ. 75ರ ಲೆಕ್ಕವನ್ನು ಸೇರುವ ಮೊದಲೇ ಅವರ ಜೊತೆ ಕುಳಿತು ವಿವರಿಸಿ.